ರಟ್ಟೆ ಬಿಡದ ಪ್ರಯಾಣಿಕ

೨೦೨೨ರಲ್ಲಿ ನಾನು ಕಲಬುರಗಿಯ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹಿರಿಯ ಸ್ಟಾಫ್ ನರ್ಸ್ ಆಗಿದ್ದೆ. ನಿವೃತ್ತಿಗೆ ಇನ್ನೊಂದು ವರ್ಷ ಉಳಿದಿತ್ತು. ಕ್ರಿಸ್‌ಮಸ್‌ಗೆ ರಜೆ ಸಿಗುವುದೆಂದರೆ ನಮಗೆ ಲಾಟರಿ ಹೊಡೆದ ಹಾಗೆ. ವಾರ್ಡಿನ ಅರ್ಧಕ್ಕರ್ಧ ನರ್ಸುಗಳು ಚರ್ಚಿಗೆ ಹೋಗುವವರೇ, ಎಲ್ಲರಿಗೂ ಅದೇ ದಿನವೇ ಬೇಕು. ಮೂರು ವರ್ಷ ಬಿಟ್ಟುಕೊಟ್ಟಿದ್ದೆ, ಆ ಸಲ ಹಟ ಹಿಡಿದು ರಜೆ ತೆಗೆದುಕೊಂಡೆ. ಡಿಸೆಂಬರ್ ಇಪ್ಪತ್ತನಾಲ್ಕರ ಮಧ್ಯಾಹ್ನ ಒಂದು ಡಬ್ಬಿ ಕೇಕ್ ಹಿಡಿದು ಯಾದಗಿರಿಯಲ್ಲಿರುವ ನಮ್ಮ ಅಕ್ಕ ಸುಗುಣಾಳ ಮನೆಗೆ ರೈಲು ಹತ್ತಿದೆ.

ಬೋಗಿ ತುಂಬಿ ತುಳುಕುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಇಪ್ಪತ್ತೈದರ ಆಸುಪಾಸಿನ ಒಬ್ಬ ಯುವಕ ಕೂತಿದ್ದ. ತೊಡೆಯ ಮೇಲೆ ಏಳೆಂಟು ತಿಂಗಳ ಹೆಣ್ಣುಕೂಸು, ಕೈಯಲ್ಲಿ ಬಜೆಮಣಿಯ ಬಳೆ, ಕೆನ್ನೆಯಲ್ಲಿ ಕಾಡಿಗೆ ಬೊಟ್ಟು. ಜೊತೆಯಲ್ಲಿ ಹೆಂಗಸರಿರಲಿಲ್ಲ. ಅವನ ಎದುರಿಗೆ ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಶರಣಪ್ಪ ಎಂಬವರು ಕೂತಿದ್ದರು. ಹತ್ತಿದ ಐದೇ ನಿಮಿಷದಲ್ಲಿ ನನ್ನ ಊರು, ಕೆಲಸ, ಪೆನ್ಶನ್ ಎಲ್ಲ ವಿಚಾರಿಸಿ ಮುಗಿಸಿದ್ದರು.

ಮಕ್ಕಳ ವಾರ್ಡಿನಲ್ಲಿ ಆಯುಷ್ಯ ಕಳೆದವಳಿಗೆ ಅಳುವ ಕೂಸಿನ ಭಯವಿಲ್ಲ, ಅಳದ ಕೂಸಿನ ಮೇಲೆಯೇ ಅನುಮಾನ. ಚಹಾದವನು ಅದರ ಕಿವಿಯ ಹತ್ತಿರವೇ ಕೂಗಿಕೊಂಡು ಹೋದ. ಶಹಾಬಾದಿನಲ್ಲಿ ಯಾರದೋ ಟ್ರಂಕು ಧಡ್ಡೆಂದು ಬಿತ್ತು. ಕೂಸಿನ ರೆಪ್ಪೆ ಕೂಡ ಅಲುಗಲಿಲ್ಲ. ಯುವಕನ ಚೀಲದಲ್ಲಿ ಹಾಲಿನ ಬಾಟಲಿ ತುಂಬಿದ್ದು ತುಂಬಿದ ಹಾಗೆಯೇ ಇತ್ತು. ಅವನು ಮತ್ತೆ ಮತ್ತೆ ಟವೆಲನ್ನು ಅದರ ಮುಖದ ಮೇಲೆ ಎಳೆಯುತ್ತಿದ್ದ. ಬಿಸಿಲಿಗೋ, ನಮ್ಮ ಕಣ್ಣಿಗೋ ಎಂದು ನನಗೆ ತಿಳಿಯಲಿಲ್ಲ.

ನನಗಿಂತ ಮೊದಲು ಬಾಯಿ ಬಿಟ್ಟವರು ಶರಣಪ್ಪ.

"ಎಲ್ಲಿಂದ ಬಂದಿಯಪ್ಪ?"

"ಪುಣೇದಿಂದ ರೀ. ನಾ ಮಾಳಪ್ಪ ಅಂತ. ಸುರಪುರದ ಬಾಜೂಕಿನ ರಂಗಂಪೇಟಿಗೆ ಹೊಂಟೇನಿ, ನಮ್ಮವ್ವನ ಕಡಿ."

"ಕೂಸಿನ ತಾಯಿ?"

"ಪುಣೇದಾಗ ಅದಾಳ್ರಿ."

"ಮೊಲಿ ಉಣ್ಣೋ ಕೂಸು ಇಲ್ಲಿ, ತಾಯಿ ಅಲ್ಲಿ?"

"ದವಾಖಾನಿಯಾಗ ಅದಾಳ್ರಿ. ಅಪೆಂಡಿಕ್ಸ್ ಆಪರೇಶನ್ ಆಗ್ಯಾದ."

ಹೇಳಿದ್ದೇನೋ ಸರಿಯಾಗಿಯೇ ಇತ್ತು, ಆದರೆ ಹೇಳುವಾಗ ಅವನ ದನಿ ನಡುಗಿತು. ಅಷ್ಟು ಸಾಕಾಯಿತು. ಆ ವರ್ಷಗಳಲ್ಲಿ ಮಕ್ಕಳ ಕಳ್ಳರ ಸುದ್ದಿ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ವಾಡಿ ಬಿಡುವ ಹೊತ್ತಿಗೆ ನಮ್ಮ ಸುತ್ತ ಹತ್ತು ಹನ್ನೆರಡು ಜನ ಸೇರಿದ್ದರು. ಒಬ್ಬ ವಿಡಿಯೋ ಮಾಡತೊಡಗಿದ. ಬಾಗಿಲ ಬಳಿಯಿದ್ದ ಇಬ್ಬರು ಅಂಗಿಯ ತೋಳು ಮಡಿಸಿಕೊಂಡರು. "ಮದ್ದು ಹಾಕಿ ಮಲಗಿಸ್ಯಾನ ಮಗ, ನೋಡ್ರಿ," ಎಂದ ಒಬ್ಬ. ಸುಳ್ಳು ಹೇಳುವುದಿಲ್ಲ, ನನ್ನ ಮನಸ್ಸಿನಲ್ಲೂ ಅದೇ ಮಾತು ಓಡುತ್ತಿತ್ತು. ಆದರೆ ಅವನು ಕಳ್ಳನೋ ಅಲ್ಲವೋ ಎಂಬುದನ್ನು ಯಾದಗಿರಿಯಲ್ಲಿ ಇಳಿದು ನೋಡಬಹುದಿತ್ತು. ಕೂಸಿಗೆ ಅಷ್ಟು ಪುರುಸೊತ್ತು ಇತ್ತೇ ಎಂಬುದೇ ನನ್ನ ಹೆದರಿಕೆ.

ನಾನು ಎದ್ದು ಕೈ ಚಾಚಿದೆ. "ಕೂಸು ಕೊಡು. ನಾ ನರ್ಸ್ ಇದ್ದೀನಿ."

ಮಾಳಪ್ಪ ಕೂಸನ್ನು ಎದೆಗೆ ಅವುಚಿಕೊಂಡು ಕಿಟಕಿಯ ಮೂಲೆಗೆ ಸರಿದ. "ಕೊಡಂಗಿಲ್ಲ. ನೀವು ನರ್ಸ್ ಅಂತ ನಾ ಹ್ಯಾಂಗ ನಂಬ್ಲಿ? ಕೂಸು ತಗೊಂಡು ಇವರ ನಡುವ ಹೊಕ್ಕೊಂಡ್ರ ನಾ ಎಲ್ಲಿ ಹುಡುಕ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಯೂನಿಫಾರಂ ಇಲ್ಲ, ಗುರುತಿನ ಚೀಟಿ ವಾರ್ಡಿನ ಲಾಕರಿನಲ್ಲಿದೆ, ಕೈಯಲ್ಲಿರುವುದು ಕೇಕಿನ ಡಬ್ಬಿ. ಇವನು ನನ್ನನ್ನೇ ಕಳ್ಳಿ ಎನ್ನುತ್ತಿದ್ದಾನೆ! ಆದರೆ ಅವನ ಮುಖ ನೋಡಿದೆ. ಹೊಡೆಯಲು ನಿಂತವರ ಕಡೆ ಅವನ ಲಕ್ಷ್ಯವೇ ಇರಲಿಲ್ಲ, ಅವನು ನನ್ನ ಕೈಗಳನ್ನೇ ನೋಡುತ್ತಿದ್ದ.

"ನಂಬಬ್ಯಾಡ," ಎಂದೆ. "ನನ್ನ ರಟ್ಟಿ ಹಿಡಕೊಂಡು ಕುಂದ್ರು. ನಾ ಎಲ್ಲಿ ಹೋಗ್ತೀನಿ ನೋಡು."

ಅವನು ಹಿಡಿದ. ಹಿಡಿದ ಎಂದರೆ, ಮೂಳೆ ನೋಯುವ ಹಾಗೆ. ಆಮೇಲೆ ಕೂಸನ್ನು ಕೊಟ್ಟ.

ಮೊದಲು ರೆಸ್ಪಿರೇಟರಿ ರೇಟ್, ಅಂದರೆ ನಿಮಿಷಕ್ಕೆ ಎಷ್ಟು ಉಸಿರು ಎಂದು ನೋಡಿದೆ. ಆ ವಯಸ್ಸಿನ ಕೂಸಿಗೆ ಮೂವತ್ತಕ್ಕಿಂತ ಮೇಲಿರಬೇಕು. ಇಪ್ಪತ್ತನ್ನೂ ಮುಟ್ಟಲಿಲ್ಲ. ತುಟಿ ಒಣಗಿತ್ತು. ಅಂಗಾಲನ್ನು ಬೆರಳಿನಿಂದ ಜೋರಾಗಿ ತಿಕ್ಕಿದರೆ ಕ್ಷೀಣವಾಗಿ ನರಳಿ ಮತ್ತೆ ತಲೆ ವಾಲಿಸಿತು. ಬಾಗಿ ಅದರ ಬಾಯಿ ಮೂಸಿದೆ. ಹತ್ತಿದಾಗಿನಿಂದ ಮೂಗಿಗೆ ಬಡಿಯುತ್ತಿದ್ದ ಜಾಜಿಕಾಯಿಯ ವಾಸನೆ ನನ್ನ ಡಬ್ಬಿಯ ಕೇಕಿನದು ಎಂದುಕೊಂಡಿದ್ದೆ. ಅದು ಕೂಸಿನ ಬಾಯಿಂದ ಬರುತ್ತಿತ್ತು.

"ಏನ್ ಕುಡಿಸಿದಿ ಇದಕ್ಕ?"

"ದೇವರಾಣಿ, ಹಾಲು ಬಿಟ್ಟು ಏನೂ ಕುಡಿಸಿಲ್ರಿ. ಸೊಲ್ಲಾಪುರದಿಂದ ಅದನ್ನೂ ಕುಡದಿಲ್ಲ."

ವಾರ್ಡಿನಲ್ಲಿ ನಾವು ಇನ್ನೊಂದು ಪ್ರಶ್ನೆ ಕೇಳುತ್ತೇವೆ. ಅದನ್ನೇ ಕೇಳಿದೆ. "ಹೊರಡೋ ಮುಂದ ಕೂಸು ಯಾರ್ಯಾರ ಕೈಯಾಗ ಇತ್ತು?"

"ಪುಣೇದಾಗ ನಮ್ಮ ಕೂಲಿ ಶೆಡ್ಡಿನಾಗ ಎಲ್ಲಾ ನಮ್ಮ ಕಡಿ ಮಂದೀನೇ ರೀ. ನಾಗಮ್ಮತ್ತಿ ಎಣ್ಣಿ ಹಚ್ಚಿ ಎರದ್ಳು. ಆಮ್ಯಾಲ ದೇವಕ್ಕ ಎತ್ತಿಕೊಂಡ್ಳು, ಆಮ್ಯಾಲ ಬಸಮ್ಮಾಯಿ."

ದೇವಕ್ಕನಿಗೆ ಫೋನ್ ಹಚ್ಚಿಸಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿಸಿದೆ. ಆ ಕಡೆಯಿಂದ ದೊಡ್ಡ ದನಿ ಬಂತು. "ಹೌದ್ರಿ, ಗುಟ್ಟಿ ಹಾಕೀನಿ. ಗಂಡಸು ಒಬ್ಬನೇ ಕೂಸು ಹೊತ್ತುಕೊಂಡು ಹೊಂಟಾನ, ಹಾದ್ಯಾಗ ಅತ್ತರ ಏನು ಮಾಡ್ತಾನಂತ ಜಾಜಿಕಾಯಿ ತುಸು ಜಾಸ್ತಿ ತೇಯ್ದೆ." ಆಮೇಲೆ ಅವಳೇ ಕೇಳಿದಳು. "ಯಾಕ್ರಿ? ನಾಗಮ್ಮನೂ ಹಾಕ್ಯಾಳೇನು?"

ಗುಟ್ಟಿ ನಮ್ಮ ಕಡೆಯ ಮನೆಮನೆಯ ಪದ್ಧತಿ. ಬಜೆ, ಜಾಜಿಕಾಯಿಗಳನ್ನು ಕಲ್ಲಿನ ಮೇಲೆ ಒಂದೆರಡು ಸುತ್ತು ತೇಯ್ದು ಕೂಸಿಗೆ ನೆಕ್ಕಿಸುತ್ತಾರೆ. ಕೂಸನ್ನು ಊರಿಗೆ ಕಳಿಸುವಾಗ ಹಿರಿಯ ಹೆಂಗಸು ತನ್ನ ಕೈಯಾರೆ ಹಾಕಿದರೆ ಅದೊಂದು ಹಾರೈಕೆ ಇದ್ದಂತೆ, ಯಾರನ್ನೂ ಕೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ. ತಾಯಿ ಇದ್ದಿದ್ದರೆ ಎರಡನೆಯವಳನ್ನು ತಡೆಯುತ್ತಿದ್ದಳು. ತಾಯಿ ಆಸ್ಪತ್ರೆಯಲ್ಲಿದ್ದಳು. ಉಳಿದಿಬ್ಬರಿಗೂ ಫೋನ್ ಹಚ್ಚಿಸಿ ಕೇಳಿದೆ, ಅವರೂ ಹಾಕಿದ್ದರು. ಮೂವರೂ ಪ್ರೀತಿಯಿಂದಲೇ ತೇಯ್ದಿದ್ದರು, ಮೂವರೂ ಜಾಸ್ತಿಯೇ ತೇಯ್ದಿದ್ದರು. ಜಾಜಿಕಾಯಿ ಮಿತಿ ಮೀರಿದರೆ ಎಳೆಗೂಸಿಗೆ ನಿದ್ದೆಯಲ್ಲ, ಮಂಪರು ಕವಿಯುತ್ತದೆ.

ಗಾಡಿ ಯಾದಗಿರಿ ಮುಟ್ಟಲು ಇನ್ನೂ ಅರ್ಧ ಗಂಟೆಯಿತ್ತು. ಸ್ಟೇಷನ್ನಿಗೆ ಆಂಬ್ಯುಲೆನ್ಸ್ ಕರೆಸಲು ಅಕ್ಕನ ಮಗನಿಗೆ ಫೋನ್ ಮಾಡಿದೆ. ಕೂಸನ್ನು ಮಗ್ಗುಲಾಗಿಸಿ, ಕತ್ತು ನೇರ ಹಿಡಿದು, ಉಸಿರು ತಡೆದಾಗಲೆಲ್ಲ ಅಂಗಾಲು ತಿಕ್ಕುತ್ತ ಕೂತೆ. ಎರಡು ಸಲ ಅದು ಎಷ್ಟು ಹೊತ್ತು ತಡೆಯಿತೆಂದರೆ ಬಾಯಿಯಿಂದ ಉಸಿರು ಕೊಡಲೆಂದು ಬಾಗಿದ್ದೆ. ಮಾಳಪ್ಪನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ರಟ್ಟೆ ಮಾತ್ರ ಬಿಡಲಿಲ್ಲ. ತೋಳು ಮಡಿಸಿದ್ದವರು ಬಾಗಿಲವರೆಗೆ ದಾರಿ ಬಿಡಿಸಿದರು. ಶರಣಪ್ಪ ನನ್ನ ಕಿವಿಯಲ್ಲಿ, "ಫೋನಿನ್ಯಾಗಿನ ಹೆಣಮಗಳು ಇವನ ಟೋಳಿಯಾಕಿನೇ ಇದ್ರ?" ಎಂದರು. ಆ ಹೊತ್ತಿನಲ್ಲೂ ಅವರ ಸಂಶಯಕ್ಕೆ ಬೇಸರವೆಂಬುದಿರಲಿಲ್ಲ.

ಯಾದಗಿರಿಯ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿ, ಸಲೈನ್ ಕೊಟ್ಟು ಅಬ್ಸರ್ವೇಶನ್‌ನಲ್ಲಿ ಇಟ್ಟರು, ಅಂದರೆ ಕಣ್ಣು ಕೀಳದೆ ಕಾಯುವುದು. ನಾನೂ ಕಾದೆ. ಶಹಾಪುರದ ಬಸ್ಸು ಹಿಡಿಯಬೇಕಿದ್ದ ಶರಣಪ್ಪ ಬಾಗಿಲಿಗೆ ಅಡ್ಡವಾಗಿ ಬೆಂಚಿನ ಮೇಲೆ ಕೂತುಬಿಟ್ಟರು. "ನೀವು ಹೋಗ್ರಿ," ಎಂದರೆ, "ನನಗಿನ್ನೂ ಪೂರಾ ಖಾತ್ರಿ ಆಗಿಲ್ಲ. ಇವನ ಅವ್ವ ಬರ್ಲಿ," ಎಂದರು.

ಕತ್ತಲಾಗುವ ಹೊತ್ತಿಗೆ ಕೂಸು ಅತ್ತಿತು. ಇಡೀ ವರಾಂಡ ತಿರುಗಿ ನೋಡುವ ಹಾಗೆ, ಸಿಟ್ಟಿನಿಂದ, ಹಸಿವಿನಿಂದ ಅತ್ತಿತು. ನನಗೂ ಅಳು ತಡೆಯಲಾಗಲಿಲ್ಲ. ಅದೇ ವೇಳೆಗೆ, ಮಾಳಪ್ಪನ ಫೋನ್ ಕೇಳಿ ಹೊರಟು ಸುರಪುರದ ಬಸ್ಸಿಳಿದು ಬಂದ ಅಜ್ಜಿ, ಮೊಮ್ಮಗಳ ಮುಖ ನೋಡಿದ್ದೇ ಮಗನ ಬೆನ್ನಿಗೆ ಒಂದು ಗುದ್ದಿದಳು. "ಮೂರು ಮಂದಿ ಕೈಯಾಗ ಕೊಟ್ಟು ನೀ ಎತ್ತ ನೋಡ್ಲಾಕ ಹೋಗಿದ್ದಿ?" ಶರಣಪ್ಪ ಎದ್ದು ಪಂಚೆ ಕೊಡವಿಕೊಂಡರು. "ಈಗ ಖಾತ್ರಿ ಆಯ್ತು ನೋಡ್ರಿ," ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ನಾನು ಅಕ್ಕನ ಮನೆ ಸೇರುವಾಗ ಕ್ಯಾರಲ್ಸ್ ಹಾಡುವವರು ಬಂದು ಹೋಗಿದ್ದರು. ಕೇಕಿನ ಡಬ್ಬಿ ರೈಲಿನಲ್ಲೇ ಉಳಿದಿತ್ತು. ಮರುದಿನ ಚರ್ಚಿನಲ್ಲಿ ಬಿಳಿ ಸೀರೆಯುಟ್ಟು ಕೂತಾಗ ಅಕ್ಕ ನನ್ನ ರಟ್ಟೆಯ ಮೇಲೆ ನೀಲಿಗಟ್ಟಿದ್ದ ಬೆರಳಿನ ಗುರುತು ನೋಡಿ ಪಿಸುಗುಟ್ಟಿದಳು. "ಹಬ್ಬಕ್ಕ ಬರೋ ಮುಂದ ಯಾರ ಜೋಡಿ ಜಗಳಾಡಿ ಬಂದಿದಿ?"

"ಒಂದು ಕೂಸಿನ ಅಪ್ಪನ ಜೋಡಿ," ಎಂದೆ.

ಅಲ್ಲಿಯವರೆಗೂ ಮಗುವನ್ನು ಕೊಡಲು ಹಿಂದೆಮುಂದೆ ನೋಡುವ ತಂದೆತಾಯಿಯರ ಮೇಲೆ ರೇಗುವುದೇ ನನ್ನ ಅಭ್ಯಾಸವಾಗಿತ್ತು. ಕದ್ದವನಾಗಿದ್ದರೆ ಮಾಳಪ್ಪ ಕೂಸನ್ನು ನನ್ನ ಮಡಿಲಿಗೆ ಹಾಕಿ ಗದ್ದಲದಲ್ಲಿ ಇಳಿದು ಹೋಗುತ್ತಿದ್ದ. ಸರ್ವೀಸಿನ ಕೊನೆಯ ವರ್ಷವಿಡೀ, ಸೂಜಿ ಚುಚ್ಚುವ ಮೊದಲು ಅಂಥವರಿಗೆಲ್ಲ ರಟ್ಟೆ ಚಾಚಿ, "ನಂಬಬ್ಯಾಡ, ಹಿಡಕೋ," ಎನ್ನುತ್ತಿದ್ದೆ. ಹೆಚ್ಚಿನವರು ನೋಯುವ ಹಾಗೆಯೇ ಹಿಡಿಯುತ್ತಿದ್ದರು. ಸಡಿಲವಾಗಿ ಹಿಡಿದವರ ಮೇಲೆ ಮಾತ್ರ ನಾನು ಒಂದು ಕಣ್ಣಿಟ್ಟಿರುತ್ತಿದ್ದೆ.