ಮುಂದಿನ ವರ್ಷದ ಗಿರಾಕಿಗಳು

ನನ್ನ ತಂಗಿಯ ಗಂಡ ಗಂಗಾವತಿಯಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದ. ಕಂಪನಿ ಎಂದರೆ ಗೊಬ್ಬರದಂಗಡಿಯ ಮೇಲಿನ ಕೋಣೆ, ಎರಡು ಕಂಪ್ಯೂಟರ್, ಅವನು ಮತ್ತು ನನ್ನ ತಂಗಿ. ಟ್ರ್ಯಾಕ್ಟರ್, ಭತ್ತ ಕೊಯ್ಯುವ ಮಷಿನ್ ಇಟ್ಟವರಿಗೆ ಬಾಡಿಗೆ ಹುಡುಕಿಕೊಡುವ ಆ್ಯಪ್ ಮಾಡಿದ್ದ. ರೈತರಿಗೆ ಪುಕ್ಕಟೆ, ಮಾಲೀಕರು ವರ್ಷಕ್ಕೊಮ್ಮೆ ಚಂದಾ ಕೊಡಬೇಕು. ಗಂಗಾವತಿ ಕಡೆ ಕೆಲವರು ಸೇರಿದ್ದರು. ಕುಷ್ಟಗಿ, ಯಲಬುರ್ಗಾ ಕಡೆ ಬೈಕ್ ಮೇಲೆ ಊರೂರು ತಿರುಗಿ ತೋರಿಸಿದ. ಎಲ್ಲರೂ ಚಹಾ ಕುಡಿಸಿ, "ನೋಡೂಣು ತಗೋರಿ" ಎಂದು ಕಳಿಸಿದರು. ನಮ್ಮ ಕಡೆ ಹಾಗೆಂದರೆ ಬೇಡ ಎಂದೇ ಅರ್ಥ. ಆ ಮಳ್ಳನಿಗೆ ಮಾತ್ರ ಅದು ಅರ್ಧ ಒಪ್ಪಿಗೆಯಾಗಿ ಕೇಳಿಸುತ್ತಿತ್ತು.

ಒಂದು ಮುಂಗಾರಿನ ಬಿತ್ತನೆಯ ಹೊತ್ತಿನಲ್ಲಿ, ಎದೆನೋವು ಎಂದವನು ಆಸ್ಪತ್ರೆ ಮುಟ್ಟಲಿಲ್ಲ.

ಅವನು ಹೋದ ಮೇಲೆ ಹೊಸ ಗಿರಾಕಿಗಳು ಬರತೊಡಗಿದರು. ತಾವರಗೇರಾ, ಬೇವೂರು, ಅವುಗಳ ಸುತ್ತಲಿನ ಹಳ್ಳಿಗಳು. ಅವನಿಗೆ ಬರೀ ಚಹಾ ಕುಡಿಸಿದ ಊರುಗಳೇ. ಕೆಲವರು ಕೋಣೆಯ ಮೆಟ್ಟಿಲು ಹತ್ತಿ ಬಂದು ಚಂದಾ ಕಟ್ಟಿ ಹೋದರು. ಹುಬ್ಬಳ್ಳಿಯ ದೊಡ್ಡ ಕಂಪನಿಯೊಂದು, ಆ್ಯಪ್ ಕೊಂಡು ತಂಗಿಗೆ ಅಲ್ಲೇ ಕೆಲಸ ಕೊಡುತ್ತೇವೆ ಎಂದಿತು. ಆದರೆ ಈ ಹೊಸಬರಿಂದ ಮುಂದಿನ ವರ್ಷ ಎಷ್ಟು ಆದಾಯ ಬಂದೀತು ಎಂಬ ಅಂದಾಜು ಮೊದಲು ಬೇಕಿತ್ತು.

ನಾನು ಕೊಪ್ಪಳದ ಒಂದು ಸಹಕಾರಿ ಸಂಘದಲ್ಲಿ ಸಾಲದ ಅರ್ಜಿ ನೋಡುವವಳು. ಅನುಮಾನಪಡುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಆ ಅಂದಾಜು ನನ್ನ ಪಾಲಿಗೆ ಬಂತು. ತಂಗಿ ಆಗಲೇ ಮೂರು ವರ್ಷದ ಆದಾಯ ಗುಣಿಸಿ ಇಟ್ಟಿದ್ದಳು.

"ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಬ್ಯಾಡ" ಎಂದೆ.

"ಕೂಸು ಹುಟ್ಟೈತಕ್ಕಾ. ನಮ್ಮನಿಯವರು ಬಿತ್ತಿದ್ದು ಈಗ ಏಳಾಕ ಹತ್ತೈತಿ. ನೀನ ಬಂದು ನೋಡು."

ಇಬ್ಬರೂ ಹೋದೆವು. ಗಂಗಾವತಿ ಕಡೆಯ ಹಳೆಯ ಗಿರಾಕಿಗಳು ಬೈದರು: ಬುಕಿಂಗ್ ಒಂದು ಊರಿಗೆ, ಮಷಿನ್ ಇನ್ನೊಂದು ಊರಿಗೆ ಹೋಗುತ್ತದೆ, ರಿಪೇರಿ ಮಾಡುವವರು ಯಾರು? ನನಗೆ ಸಮಾಧಾನವಾಯಿತು. ಬಳಸುವವನು ಬೈಯುತ್ತಾನೆ. ಆದರೆ ಅವರು ಬೆರಳೆಣಿಕೆಯಷ್ಟೇ ಇದ್ದರು. ಕುಷ್ಟಗಿ ತಾಲ್ಲೂಕು ಹೊಕ್ಕ ಮೇಲೆ ಒಬ್ಬರೂ ಬೈಯಲಿಲ್ಲ. ಹೋದಲ್ಲೆಲ್ಲ ಹೊಗಳಿಕೆ. ನನಗೆ ಅನುಮಾನ ಹುಟ್ಟಿದ್ದು ಆಗಲೇ.

ತಾವರಗೇರಾದಲ್ಲಿ ಟ್ರ್ಯಾಕ್ಟರ್ ಇಟ್ಟ ಹಿರಿಯರೊಬ್ಬರು ಜಮಖಾನ ಹಾಸಿ ಕೂಡಿಸಿದರು.

"ಆ್ಯಪ್ ಭಾಳ ಛಲೋ ಐತ್ರಿ" ಎಂದರು.

"ಒಂದೀಟು ತಗದು ತೋರಸ್ರಿ" ಎಂದೆ.

ಅವರು ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡಿ, ಮೆಲ್ಲಗೆ ಕೆಳಗಿಟ್ಟರು.

"ಸುಳ್ಳ ಯಾಕ ಹೇಳ್ಲಿ ಅಕ್ಕಾರ. ನನಗ ಇದು ತಿಳಿಯಂಗಿಲ್ಲ, ಬೇಕಾಗೂನೂ ಇಲ್ಲ. ಊರಾಗಿನ ಕೆಲಸಕ್ಕ ನಮ್ಮ ಟ್ರ್ಯಾಕ್ಟರ್‌ಗೆ ಪುರುಸೊತ್ತಿಲ್ಲ. ತಂಗಿ ಯಜಮಾನ್ರ ಮಣ್ಣಿಗೆ ಬರಾಕ ಆಗಲಿಲ್ರಿ, ಬಿತ್ತಿಗಿ ನಡೆದಿತ್ತು. ಆಮ್ಯಾಲರ ಮಾತಾಡಸಾಕ ಬರಬೇಕಲ್ರಿ? ಬರೀಗೈಲೆ ಹೆಂಗ ಬರೂದು? ರೊಕ್ಕ ಕೊಟ್ರ ತಂಗಿ ತಗೋತಿದ್ಲೇನ್ರಿ?"

ಸತ್ತವರ ಮನೆಗೆ ಹೋಗಿ ಉಳಿದವರನ್ನು ಮಾತಾಡಿಸಿ ಬರುವುದು ನಮ್ಮಲ್ಲಿ ತಪ್ಪಿಸಲಾಗದ ರೀತಿ. ಬಾಳೆಹಣ್ಣೋ ಸಕ್ಕರೆಯೋ, ಕೈಯಲ್ಲಿ ಏನಾದರೂ ಇರಬೇಕು. ಈ ಜನ ಚಂದಾ ಒಯ್ದಿದ್ದರು. ಆಮೇಲೆ ಹೊಕ್ಕ ಮನೆಗಳಲ್ಲೂ, ಬೇವೂರಿನಲ್ಲೂ, ಮಾತು ಬೇರೆ ಬೇರೆ, ವಿಷಯ ಅದೇ. ಅವನು ಜಗುಲಿಯ ಮೇಲೆ ಕೂತು ನಕ್ಕಿದ್ದನ್ನು, ಮಕ್ಕಳ ಫೀ ಕಟ್ಟಲು ಸಹಾಯ ಮಾಡಿದ್ದನ್ನು ಹೇಳಿ ಕಣ್ಣೊರೆಸಿಕೊಂಡರು. ಅವರ ಮೇಲೆ ನನಗೆ ಸಿಟ್ಟೂ ಬಂತು. ಇಷ್ಟು ಪ್ರೀತಿ ಇದ್ದವರು ಅವನು ಬದುಕಿದ್ದಾಗ ಒಂದು ವರ್ಷದ ಚಂದಾ ಕಟ್ಟಬಾರದಿತ್ತೇ?

ವಾಪಸು ಬರುವಾಗ ಬಸ್ಸಿನಲ್ಲಿ ತಂಗಿ ಕೇಳಿದಳು:

"ಮುಂದಿನ ವರ್ಷ ಎಷ್ಟ ಮಂದಿ ಉಳೀತಾರಕ್ಕಾ?"

"ಮಾತಾಡಸಾಕ ಯಾರರ ಎರಡನೇ ಸಲ ಬರ್ತಾರೇನ?"

"ಹಂಗಾರ ಅವರು ಮಾಡಿದ ಆ್ಯಪ್ ಯಾರಿಗೂ ಬೇಕಾಗಿರಲಿಲ್ಲ."

"ಅವ ಬೇಕಾಗಿದ್ದ" ಎಂದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ. ಕಂಡಕ್ಟರ್ ಟಿಕೆಟ್ ಕೇಳದೆ ಮುಂದಕ್ಕೆ ಹೋದ.

ಮರುದಿನ ಗಂಗಾವತಿಯ ಆ ಕೋಣೆಯಲ್ಲಿ ಕೂತು ಅಂದಾಜು ಬರೆದೆ. ಹೊಸ ಗಿರಾಕಿಗಳಿಂದ ಮುಂದಿನ ವರ್ಷ ಬರಬಹುದಾದ ಆದಾಯ: ಏನೂ ಇಲ್ಲ. ಹುಬ್ಬಳ್ಳಿಯವರು ಕಾರಣವನ್ನೂ ಕೇಳಿದ್ದರು. ಏನು ಬರೆಯಲಿ ಎಂದು ತಂಗಿಯ ಮುಖ ನೋಡಿದೆ.

"ಮಾತಾಡಸಾಕ ಬಂದಿದ್ರು ಅಂತ ಬರಿ" ಎಂದಳು.

ಹಾಗೇ ಬರೆದೆ. ಹುಬ್ಬಳ್ಳಿಯವರೂ ಈ ಸೀಮೆಯವರೇ. ಅದರ ಅರ್ಥವೇನೆಂದು ಯಾರೂ ಕೇಳಲಿಲ್ಲ, ಆ್ಯಪನ್ನೂ ಕೊಳ್ಳಲಿಲ್ಲ.