ಸುಗ್ಗಿಗೆ ಹೋದ ಸಭೆ

ನನ್ನ ಗಂಡ ಆಂಧ್ರದ ಗಡಿಯ ಕೋಸಗಿ ಹತ್ತಿರದ ಒಂದು ಹಳ್ಳಿಯಲ್ಲಿ ಪಾಸ್ಟರು. ಊರವರಿಗೆ ಅವರು ಅಯ್ಯಗಾರು, ಆ ಲೆಕ್ಕದಲ್ಲಿ ನಾನು ಅಮ್ಮಗಾರು. ಹೊಸ ವರ್ಷದ ಆರಾಧನೆ ಮುಗಿಯಿತೆಂದರೆ ನಮ್ಮ ಸಭೆಯವರೆಲ್ಲ, ಅಂದರೆ ಚರ್ಚಿಗೆ ಬರುವ ಜನವೆಲ್ಲ, ಸುಗ್ಗಿಗೆ ಹೊರಡುತ್ತಾರೆ. ಸುಗ್ಗಿ ಅಂದರೆ ನಮ್ಮ ಕಡೆ ಗುಂಟೂರಿನ ಹೊಲಗಳಿಗೆ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುವುದು. ಲಾರಿಯನ್ನು ಚರ್ಚಿನ ಮುಂದೆ ನಿಲ್ಲಿಸಿ, ಪ್ರಾರ್ಥನೆ ಮಾಡಿಸಿಕೊಂಡು, ಮನೆಯ ಬೀಗದ ಕೈಗಳನ್ನು ನನ್ನ ಮಡಿಲಿಗೆ ಹಾಕಿ ಹೋಗುತ್ತಾರೆ. ಆಮೇಲೆ ಯುಗಾದಿಯವರೆಗೆ ಭಾನುವಾರದ ಆರಾಧನೆಗೆ ನಾವಿಬ್ಬರು, ನಾಲ್ಕಾರು ಮುದುಕಿಯರು ಅಷ್ಟೇ.

ಆ ವರ್ಷ ಲಾರಿ ಹೋದ ಮೇಲೆ ಆದೋನಿಯ ದೊಡ್ಡ ಸಭೆಯೊಂದರ ಹಿರಿಯರು ಕಾರಿನಲ್ಲಿ ಬಂದು, ನಮ್ಮಲ್ಲಿಗೆ ಪಾಸ್ಟರಾಗಿ ಬಂದುಬಿಡಿ ಎಂದು ಇವರನ್ನು ಕರೆದರು. ಇರಲು ಮನೆ, ವರ್ಷವಿಡೀ ತುಂಬಿದ ಚರ್ಚು. ನಾನು ಮನಸ್ಸಿನಲ್ಲೇ ಪಾತ್ರೆ ಪಗಡ ಕಟ್ಟಿಟ್ಟೆ. ಇವರು ಮಾತ್ರ, "ದೇವರನ್ನ ಕೇಳಿ ಹೇಳ್ತೀನ್ರಿ" ಎಂದು ಅವರನ್ನು ಸಾಗಹಾಕಿದರು.

ಶುಕ್ರವಾರ ಬಂದರೆ ಇವರದು ಉಪವಾಸ ಪ್ರಾರ್ಥನೆ. ಹೋಗಬೇಕೋ ಇರಬೇಕೋ, ದಾರಿ ತೋರಿಸು ತಂದೆ ಎಂದು ಒಂದೇ ಸಮನೆ ಕೇಳುವುದು. ನಾನೂ ಪಕ್ಕದಲ್ಲಿ ಮೊಣಕಾಲೂರುತ್ತಿದ್ದೆ. ಆದರೆ ನನ್ನದು ದೇವರಿಗೆ ಉತ್ತರ ಹೇಳಿಕೊಡುವ ಪ್ರಾರ್ಥನೆ. ಕೊನೆಗೆ ರೇಗಿಹೋಯಿತು.

"ಆದೋನಿಯಿಂದ ಕಾರು ಕಳಿಸ್ಯಾನಲ್ರಿ ಆತ, ಇನ್ನ ಡಂಗುರ ಹೊಡಸ್ಬೇಕೇನು?"

"ಕಾರು ಕಂಡೈತಿ. ಆತನ ಮಾತು ಕೇಳಿಸಿಲ್ಲ," ಎಂದರು.

ಒಂದು ಭಾನುವಾರ ಆರಾಧನೆ ಮುಗಿಯುವ ಹೊತ್ತಿಗೆ ನನ್ನ ಫೋನು ರಿಂಗಾಯಿತು. ಗುಂಟೂರಿನ ಹೊಲದಿಂದ ನಮ್ಮ ಸಭೆಯ ಹೆಂಗಸೊಬ್ಬಳು.

"ಅಮ್ಮಗಾರೂ, ಮೇಸ್ತ್ರಿ ಭಾನುವಾರನೂ ಕೆಲಸಕ್ಕ ಹಚ್ಯಾನ. ಬುತ್ತಿ ಬಿಚ್ಚಾಕ ಎಲ್ಲಾರೂ ಒಂದ್ ಕಡಿ ಕುಂತೀವಿ. ಪ್ರಾರ್ಥನಾ ಮಾಡೋರು ಯಾರೂ ಇಲ್ಲ. ಅಯ್ಯಗಾರಿಗೆ ಕೊಡ್ರಿ."

ನಮ್ಮ ಮನೆಮಾತು ಕನ್ನಡವಾದರೂ ಚರ್ಚಿನ ಪ್ರಾರ್ಥನೆ ತೆಲುಗಿನದು. ಇವರು ಫೋನನ್ನು ಸ್ಪೀಕರಿಗೆ ಹಾಕಿ, ಎಂದಿನಂತೆ ತೆಲುಗಿನಲ್ಲೇ ಶುರು ಮಾಡಿದರು. ಆ ಕಡೆಯಿಂದ ಆಮೆನ್‌ಗಿಂತ ಸೀನುಗಳೇ ಹೆಚ್ಚು, ಮೆಣಸಿನಕಾಯಿ ಘಾಟು. ನನಗೆ ನಗು ತಡೆಯಲಾಗಲಿಲ್ಲ. ಇವರು ಮಾತ್ರ ಕೊನೆಯ ಆಮೆನ್‌ವರೆಗೂ ಕಣ್ಣು ತೆರೆಯಲಿಲ್ಲ.

"ಕೇಳಿಸ್ತೇನು?" ಎಂದರು ಫೋನು ಕೊಡುತ್ತಾ.

"ಸೀನಿದ್ದು ಕೇಳಿಸ್ತು," ಎಂದೆ. ಬಾಯಲ್ಲಿ ಹಾಗಂದರೂ ನನಗೂ ಅರ್ಥವಾಗಿತ್ತು. ಈ ಚರ್ಚೋ ಆ ಚರ್ಚೋ ಎಂದು ಅಷ್ಟು ದಿನ ದೇವರ ತಲೆ ತಿಂದಿದ್ದೆವು. ನಮ್ಮ ಜನ ಎಲ್ಲಿದ್ದಾರೆ ಎಂಬುದು ಪ್ರಾರ್ಥನೆಯಲ್ಲಿ ಬಂದೇ ಇರಲಿಲ್ಲ.

ಬೀಗದ ಕೈಗಳನ್ನೆಲ್ಲ ಉಳಿದ ಮುದುಕಿಯರಲ್ಲಿ ಗಟ್ಟಿಗಿತ್ತಿಯೊಬ್ಬಳಿಗೆ ಒಪ್ಪಿಸಿ, ಅದೇ ವಾರ ನಾವೂ ಗುಂಟೂರಿನ ಬಸ್ಸು ಹತ್ತಿದೆವು.

ಇವರದು ಬೈಬಲ್ ಹಿಡಿದು ರೂಢಿಯಾದ ಕೈ. ಮೊದಲ ದಿನವೇ ಉರಿಗೈಯಲ್ಲಿ ಕಣ್ಣೊರೆಸಿಕೊಂಡು ಸಾಲಿನ ನಡುವೆ ಕುಣಿದಾಡಿಬಿಟ್ಟರು. "ಅಯ್ಯಗಾರೂ, ಕಣ್ಣು ಮುಟ್ಟಬ್ಯಾಡ್ರಿ ಅಂತ ಬಡ್ಕಂಡ್ವಿ!" ಎಂದು ಹೆಂಗಸರು ಬಿದ್ದು ಬಿದ್ದು ನಕ್ಕರು. ಮಾರನೆಯ ದಿನ ಎಲ್ಲರಿಗಿಂತ ಮೊದಲು ಸಾಲು ಹಿಡಿದವರು ಇವರೇ. ಭಾನುವಾರ ಬುತ್ತಿ ಬಿಚ್ಚುವ ಹೊತ್ತಿಗೆ, ತಲೆಗೆ ಟವೆಲ್ ಸುತ್ತಿಕೊಂಡು, ಕೆಂಪು ರಾಶಿಯ ಪಕ್ಕ ಇವರು ನಿಂತಾಗ ಹರಟೆಯೆಲ್ಲ ತಾನಾಗಿ ನಿಂತಿತು. ಮದುವೆಯ ದಿನವೂ ನಾನು ನನ್ನ ಗಂಡನನ್ನು ಅಷ್ಟು ಹೆಮ್ಮೆಯಿಂದ ನೋಡಿರಲಿಲ್ಲ.

ಅದೇ ಹೊತ್ತಿಗೆ ಆದೋನಿಯ ಹಿರಿಯರ ಫೋನು ಬಂತು. ಇವರು ನೀನೇ ಮಾತಾಡು ಎಂದು ಸನ್ನೆ ಮಾಡಿದರು.

"ಏನಮ್ಮಾ, ದೇವರು ಉತ್ತರ ಕೊಟ್ಟಾನೇನು? ನಿಮ್ಮೂರಾಗ ಈಗ ಸಭೆನೇ ಇಲ್ಲಂತಲ್ಲ. ಖಾಲಿ ಚರ್ಚು ಕಾಯ್ಕೊಂತ ಎಷ್ಟು ದಿನ ಕುಂದ್ರತೀರಿ?"

"ಸಭೆ ಐತ್ರಿ," ಎಂದೆ. "ಬುತ್ತಿ ಬಿಚ್ಚಿ ಕುಂತೈತಿ. ಅಯ್ಯಗಾರು ಪ್ರಾರ್ಥನಾ ಮಾಡಬೇಕು, ಫೋನ್ ಇಡ್ತೀನ್ರಿ."