ಹಡಗಲಿಗೆ ಹೋದ ಚಪ್ಪರದ ದೀಪ

ಕೂಡ್ಲಿಗಿ ಬಿಡುವಾಗ ಬೆಳಗಿನ ಚಳಿ ಇನ್ನೂ ಇಳಿದಿರಲಿಲ್ಲ. ಬಸ್ಸು ಹತ್ತಿದ್ದರೆ ಮಧ್ಯಾಹ್ನದ ಊಟಕ್ಕೆ ಹೂವಿನ ಹಡಗಲಿಯಲ್ಲಿ ಇರಬಹುದಾಗಿತ್ತು. ನಾವು ಹೊರಟದ್ದು ಟ್ರ್ಯಾಕ್ಟರಿನಲ್ಲಿ. ಅದರ ಹಿಂದೆ ನಮ್ಮಣ್ಣ ಚನ್ನಬಸಪ್ಪ ತಾನೇ ಮುಂದೆ ನಿಂತು ಕಟ್ಟಿಸಿದ ಮನೆಯಂಥ ಟ್ರೇಲರ್ ಇತ್ತು. ಅವಸರ ಮಾಡದೆ ಹೋದರೆ ಎರಡು ದಿನದ ದಾರಿ ಎಂದು ಅವನೇ ಹೇಳಿದ್ದ, ಅವಸರ ಅವನಿಗೆ ಯಾವತ್ತೂ ಗೊತ್ತಿಲ್ಲ.

ಈ ಸಂಭ್ರಮವೆಲ್ಲ ಅತ್ತಿಗೆ ಗಂಗಮ್ಮನವರಿಗಾಗಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವರು ಮಂಚ ಬಿಟ್ಟು ಎದ್ದಿರಲಿಲ್ಲ. ದಿಂಬಿಗೆ ಒರಗಿ ಅರ್ಧ ಕೂರಬಲ್ಲರು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆದರೆ ಹೊರಗಿನವರು ಮನೆಗೆ ಬಂದರೆ ಸಾಕು, ಕೋಣೆಯ ಬಾಗಿಲು ಹಾಕಿಸಿಬಿಡುತ್ತಿದ್ದರು. ಅಯ್ಯೋ ಪಾಪ ಎನ್ನುವ ಮುಖಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಹಡಗಲಿಯಲ್ಲಿ ಇರುವವಳು ಶಾಂತಾ, ಅತ್ತಿಗೆಯ ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ಅತ್ತಿಗೆಯೇ ಅವಳನ್ನು ಸಾಕಿ ಮದುವೆ ಮಾಡಿಕೊಟ್ಟರು. ಈಗ ಅವಳಿಗೆ ಕುಬಸದ ಶಾಸ್ತ್ರ, ಚೊಚ್ಚಲ ಬಸುರಿ. ದೊಡ್ಡವ್ವನ ಕೈಯಿಂದ ಉಡಿ ತುಂಬಿಸಿಕೊಂಡರೆ ಉಂಟು, ಇಲ್ಲದಿದ್ದರೆ ಶಾಸ್ತ್ರವೇ ಬೇಡ ಎಂದು ಎಸ್‌ಟಿಡಿ ಬೂತಿನಿಂದ ನನ್ನ ಬಟ್ಟೆ ಅಂಗಡಿಗೆ ಫೋನು ಮಾಡಿ ಅತ್ತಿದ್ದಳು. ನಾನು ಬಂದು ಹೇಳಿದೆ. ಅತ್ತಿಗೆ, "ಬರ್ತೀನಿ ಮಲ್ಲೇಶಿ, ಆದ್ರ ನನ್ನ ಯಾರೂ ನೋಡಬಾರದು" ಎಂದರು.

ಅಣ್ಣ ಆ ಮಾತನ್ನೇ ಹಿಡಿದು ಕೆಲಸಕ್ಕೆ ಇಳಿದ. ಟ್ರೇಲರಿಗೆ ತಗಡಿನ ಗೋಡೆ, ಒಳಗೆ ಗಾಲಿಯ ಮಂಚ, ಸ್ಟೋವ್, ನೀರಿನ ಕೊಡ. ಹಿಂದಿನ ಹಲಗೆಯನ್ನು ಇಳಿಸಿ ಊರುಗೋಲು ಕೊಟ್ಟರೆ ಅದೇ ಜಗಲಿ. ಜಗಲಿಯ ಮೇಲೆ ಬಿಚ್ಚಿ ಕಟ್ಟುವ ತಾಡಪತ್ರಿಯ ಚಪ್ಪರ, ಅದನ್ನು ಹೊಲಿಸಿದ್ದು ನಾನು. ಮಂಚಕ್ಕೂ ಜಗಲಿಗೂ ನಡುವೆ ಅತ್ತಿಗೆಯ ಹಳೆಯ ಇಳಕಲ್ ಸೀರೆಯ ಪರದೆ. ಎಲ್ಲ ಮುಗಿದ ಮೇಲೆ ಅಣ್ಣನಿಗೆ ಒಂದೇ ಕೊರತೆ ಕಂಡಿತು. ಚಪ್ಪರಕ್ಕೆ ದೀಪವಿಲ್ಲ.

ಕೊಟ್ಟೂರಿನಲ್ಲಿ ತಿಂಡಿ ತಿಂದು ಎಲೆಕ್ಟ್ರಿಕ್ ಅಂಗಡಿಗೆ ಹೋದೆವು. ಟ್ರ್ಯಾಕ್ಟರ್ ಬ್ಯಾಟರಿಯಲ್ಲಿ ಉರಿಯುವಂಥದ್ದು ಬೇಕು ಎಂದಾಗ ಅಂಗಡಿಯವನು ಬಸ್ಸಿಗೆ ಹಾಕುವ ಗಿಡ್ಡ ಟ್ಯೂಬ್‌ಲೈಟು, ಲಾರಿಯವರು ಕಟ್ಟುವ ಬಣ್ಣದ ಬಲ್ಬಿನ ಸರ, ಒಂದು ಸಾದಾ ಬಲ್ಬು ಮುಂದಿಟ್ಟ. ಸಾದಾ ಬಲ್ಬನ್ನು ಅಣ್ಣ ಕಣ್ಣೆತ್ತಿಯೂ ನೋಡಲಿಲ್ಲ. "ಇಷ್ಟ ಮಾಡಿ ದನದ ಕೊಟ್ಟಿಗಿ ದೀಪ ಹಾಕಬೇಕಾ?" ಎಂದ. ಟ್ಯೂಬ್‌ಲೈಟು, ಬಣ್ಣದ ಸರ ಎರಡನ್ನೂ ಕೊಂಡ. ಅವನು ಮುಂದೆ ಹೋದ ಮೇಲೆ ನಾನು ಸಾದಾ ಬಲ್ಬನ್ನೂ ಹೋಲ್ಡರನ್ನೂ ಕೊಂಡು ಜೇಬಿಗೆ ಹಾಕಿಕೊಂಡೆ. ಬಟ್ಟೆ ವ್ಯಾಪಾರದವನಿಗೆ ದೀಪಗಳ ಬಗ್ಗೆ ಅನುಮಾನ ಜಾಸ್ತಿ. ನಮ್ಮ ಅಂಗಡಿಯ ಟ್ಯೂಬ್‌ಲೈಟನ್ನು ನಂಬಿ ಸೀರೆ ಕೊಂಡವರನ್ನು ನಾನು ಕಂಡಿಲ್ಲ, ಎಲ್ಲರೂ ಬಾಗಿಲಿಗೆ ಒಯ್ದು ಬಿಸಿಲಲ್ಲೇ ಬಣ್ಣ ನೋಡುತ್ತಾರೆ.

ಊರು ಬಂದಾಗೆಲ್ಲ ಅಣ್ಣ ಗಾಡಿ ನಿಲ್ಲಿಸಿ, ಇಳಿದು, ಪರದೆ ಎಳೆದು ಮತ್ತೆ ಹತ್ತುತ್ತಿದ್ದ. ಊರು ದಾಟಿದ ಮೇಲೆ ಮತ್ತೆ ಇಳಿದು ಸರಿಸುತ್ತಿದ್ದ. ಬಯಲಲ್ಲಿ ಅತ್ತಿಗೆ ಹಿಂದಿನ ತೆರಪಿನಿಂದ ಕಣ್ಣು ತುಂಬ ನೋಡಿದರು. ಕಿತ್ತ ಶೇಂಗಾ ಹೊಲ, ಕುರಿಮಂದೆ, ಟ್ರೇಲರಿಗೆ ಹೆದರಿ ಓಡಿದ ಕತ್ತೆ, ಎಲ್ಲಕ್ಕೂ ಒಂದೊಂದು ಮಾತಿತ್ತು. ಆ ಮಾತು ಊರು ಬಂದೊಡನೆ ನಿಂತುಬಿಡುತ್ತಿತ್ತು. ನನಗೆ ಸಂಕಟವಾಗುತ್ತಿತ್ತು.

ಮೊದಲ ವಸ್ತಿ ಹಗರಿಬೊಮ್ಮನಹಳ್ಳಿ. ರಸ್ತೆ ಬದಿಯ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಪರದೆ ಎಳೆದು, ಚಪ್ಪರ ಕಟ್ಟಿದೆವು. ಹೊತ್ತು ಮುಳುಗುವಾಗ ಅಣ್ಣ ಟ್ಯೂಬ್‌ಲೈಟು ಹಚ್ಚಿದ. ಕರೆಂಟಿನದಾದರೂ ಸಂಜೆಯ ದೀಪ ಸಂಜೆಯ ದೀಪವೇ, ನಾವಿಬ್ಬರೂ ರೂಢಿಯಂತೆ ಕೈ ಮುಗಿದೆವು. ಬೆಳಕು ಬೆಳ್ಳಗೆ ಮರದ ತುದಿಯವರೆಗೆ ಹೋಯಿತು. ಸ್ವಲ್ಪ ಹೊತ್ತಿಗೆ ಒಬ್ಬ ಹಿರಿಯರು ಹೆಂಡತಿಯ ಕೈ ಹಿಡಿದುಕೊಂಡು ಬಂದರು.

"ಕಣ್ಣಿನ ಡಾಕ್ಟ್ರು ಎಲ್ಲಿ ಅದಾರ್ರಿ? ಈಕಿಗೆ ಒಂದ ಕಣ್ಣಾಗ ಪೊರಿ ಬಂದೈತಿ."

ಇದು ಕಣ್ಣಿನ ಕ್ಯಾಂಪ್ ಅಲ್ಲ ಎಂದು ಅಣ್ಣ ತಿಳಿಸಿ ಹೇಳುವಷ್ಟರಲ್ಲಿ ಅವರ ಹಿಂದೆ ಇನ್ನೂ ನಾಲ್ಕು ಮಂದಿ ಬಂದು ನಿಂತಿದ್ದರು. "ಮತ್ತ ಒಳಗ ಮಲಗಿಸ್ಯಾರಲ್ಲ, ಆಪರೇಸನ್ ಆದವ್ರಲ್ಲೇನ್ರಿ?" ಎಂದು ಒಬ್ಬಾಕೆ ಪರದೆಯ ಕಡೆ ಕೈ ಮಾಡಿದಳು. ಆ ಬೆಳಕಿಗೆ ತೆಳ್ಳನೆಯ ಹಳೆ ಸೀರೆಯ ಪರದೆಯಾಚೆ ಅತ್ತಿಗೆ ಒರಗಿದ್ದು ನಿಚ್ಚಳವಾಗಿ ಕಾಣುತ್ತಿತ್ತು. ಒಳಗಿನಿಂದ, "ಆರಸ್ರಿ ಅದನ್ನ" ಎಂದರು ಅತ್ತಿಗೆ. ಅಣ್ಣನ ಮುಖ ನೋಡಲಾಗಲಿಲ್ಲ.

ಜನ ಹೋದ ಮೇಲೆ ಅವನು ಹಟ ಬಿಡದೆ ಬಣ್ಣದ ಸರ ಕಟ್ಟಿದ. ಕೆಂಪು, ಹಸಿರು, ನೀಲಿ ಒಂದಾದ ಮೇಲೊಂದು ಮಿಣುಕಿದವು. ಸೈಕಲ್ ಮೇಲೆ ಹೊರಟಿದ್ದ ಇಬ್ಬರು ಕಾಲೂರಿ ನಿಂತರು.

"ಎರಡ ಪ್ಲೇಟ್ ಮಿರ್ಚಿ ಭಜಿ ಕಟ್ರಿ. ಬಿಸಿ ಅದಾವಲ್ರಿ?"

ಆಗ ಪರದೆಯ ಹಿಂದಿನಿಂದ ಮಾತು ಬಂತು. "ಮಿರ್ಚಿ ಮುಗದಾವ್ರಿ. ಕಣ್ಣಿನ ಡಾಕ್ಟ್ರು ಅದಾರ, ಬೇಕೇನು ನೋಡ್ರಿ!" ಬಂದವರು ಏನೂ ತಿಳಿಯದೆ ಪೆಡಲ್ ತುಳಿದರು. ಒಳಗೆ ಅತ್ತಿಗೆ ಮಂಚ ಅಲುಗುವ ಹಾಗೆ ನಗುತ್ತಿದ್ದರು. ಬಿದ್ದಂದಿನಿಂದ ಹೊರಗಿನವರೊಂದಿಗೆ ಅವರು ಆಡಿದ ಮೊದಲ ಮಾತು ಅದು. ಅಣ್ಣ ಸರ ಬಿಚ್ಚುತ್ತಾ, "ನಗು ನಗು, ನಿನಗೇನ" ಎಂದ. ಅವನ ಕಣ್ಣಲ್ಲಿ ನೀರಿತ್ತು.

ಮರುದಿನ ಹಡಗಲಿ ಸೇರಿದಾಗ ಇಳಿಹೊತ್ತು. ಶಾಂತಾಳ ಗಂಡನ ಮನೆಯ ಬಾಗಿಲಿಗೇ ಟ್ರೇಲರಿನ ಹಿಂಬದಿ ತಿರುಗಿಸಿ ನಿಲ್ಲಿಸಿದೆವು. ಮಲ್ಲಿಗೆ ತೋಟದ ಊರು, ಬಂದ ಹೆಂಗಸರ ತಲೆಯಲ್ಲೆಲ್ಲ ಹೂವು. ಅಣ್ಣ ದೀಪದ ಮಾತೇ ಎತ್ತಲಿಲ್ಲ. ನಾನು ಜೇಬಿನ ಬಲ್ಬನ್ನು ತೆಗೆದು ಚಪ್ಪರದ ಅಂಚಿಗೆ, ಅತ್ತಿಗೆಯಿಂದ ದೂರದಲ್ಲಿ ಕಟ್ಟಿದೆ. ನಾವು ಮಾತಾಡಿಕೊಂಡಿದ್ದದ್ದು ಹೀಗೆ: ಶಾಂತಾ ಜಗಲಿಗೆ ಒತ್ತಿ ಕೆಳಗೆ ನಿಲ್ಲುವುದು, ಅತ್ತಿಗೆ ಪರದೆಯ ಸಂದಿಯಿಂದ ಕೈ ಮಾತ್ರ ಚಾಚಿ ಉಡಿ ತುಂಬುವುದು.

ನನ್ನ ಅಂಗಡಿಯ ಹಸಿರು ಸೀರೆ ಉಟ್ಟು ಶಾಂತಾ ಸೆರಗೊಡ್ಡಿ ನಿಂತಳು. ದೀಪ ಹಚ್ಚುವ ಹೊತ್ತಾಗಿತ್ತು, ಇನ್ನೂ ಹಚ್ಚಿರಲಿಲ್ಲ. ಪರದೆಯಿಂದ ಎರಡು ಕೈ ಬಂದವು, ಬೊಗಸೆಯಲ್ಲಿ ಅಕ್ಕಿ. ಎಲ್ಲಿ ಸುರಿಯಬೇಕೆಂದು ಆ ಕೈಗಳಿಗೆ ಕಾಣದು. ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಶಾಂತಾ ಸೆರಗು ಇಳಿಸಿಬಿಟ್ಟಳು.

"ದೊಡ್ಡವ್ವ, ನಿನ್ನ ಮುಖ ನೋಡದ ನಾ ಹ್ಯಾಂಗ ಉಡಿ ತುಂಬಿಸಿಕೊಳ್ಳಲಿ? ನನ್ನ ಹೊಟ್ಟಿ ಎಷ್ಟ ಆಗೈತಿ ನೋಡಬೇಕನಸೂದಿಲ್ಲೇನು ನಿನಗ?"

ಕೈಗಳು ಒಳಗೆ ಹೋದವು. ಬಂದ ದಾರಿಯೆಲ್ಲ ವ್ಯರ್ಥವಾಯಿತು ಎಂದುಕೊಂಡೆ.

"ಮಲ್ಲೇಶಿ" ಎಂದು ಅತ್ತಿಗೆ ಕರೆದರು. "ಮಂಚ ಹೊರಗ ನೂಕಪ. ಬಲ್ಬ ಅಲ್ಲಿ ಬ್ಯಾಡ, ನನ್ನ ತಲಿ ಮ್ಯಾಲ ಕಟ್ಟು."

ಅಣ್ಣನೂ ನಾನೂ ಮಂಚವನ್ನು ಜಗಲಿಗೆ ತಂದೆವು. ಮಬ್ಬುಗತ್ತಲಲ್ಲಿ ಅತ್ತಿಗೆ ಕಣ್ಣು ಮುಚ್ಚಿಕೊಂಡಿದ್ದರು, ಸೆರಗನ್ನು ಬಿಗಿಯಾಗಿ ಹಿಡಿದಿದ್ದರು. ನಾನು ಬಲ್ಬನ್ನು ಅವರ ತಲೆಯ ಮೇಲಕ್ಕೆ ತಂದು ಕಟ್ಟಿ ದೀಪ ಹಚ್ಚಿದೆ.

ಅಂಗಳದ ಅಷ್ಟೂ ಹೆಂಗಸರು ಕೈ ಮುಗಿದು ಕಣ್ಣು ಮುಚ್ಚಿದರು. ಸಂಜೆಯ ದೀಪಕ್ಕೆ ದಿನಾ ಮಾಡುವುದನ್ನೇ ಮಾಡಿದರು, ಅಷ್ಟೇ. ಅತ್ತಿಗೆ ಕಣ್ಣು ತೆರೆದಾಗ ತಮ್ಮನ್ನು ದಿಟ್ಟಿಸುವ ಒಂದು ಮುಖವೂ ಕಾಣಲಿಲ್ಲ, ಮುಗಿದ ಕೈಗಳೇ ಕಂಡವು. ಅವರೂ ಕೈ ಮುಗಿದರು. ಹಸಿರು ಸೀರೆ ಆ ಬೆಳಕಲ್ಲಿ ಸ್ವಲ್ಪ ಹಳದಿಗೆ ತಿರುಗಿತ್ತು ನಿಜ, ಆದರೆ ಮುಖಗಳು ಮುಖಗಳಂತೆ ಕಂಡವು. ಅತ್ತಿಗೆ ಮೊದಲು ಶಾಂತಾಳ ಹೊಟ್ಟೆಯ ಮೇಲೆ ಕೈಯಾಡಿಸಿದರು. ಆಮೇಲೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆಯನ್ನು ಒಂದೂ ಚೆಲ್ಲದ ಹಾಗೆ ಉಡಿಗೆ ಹಾಕಿದರು. ಅಯ್ಯೋ ಪಾಪ ಎನ್ನಲು ಯಾರಿಗೂ ಪುರಸೊತ್ತಿರಲಿಲ್ಲ, ಎಲ್ಲರಿಗೂ ಬಾಣಂತಿಯರಿಗೆಂದು ಅವರು ಕಟ್ಟುವ ಅಂಟಿನುಂಡೆಯ ಅಳತೆ ಬೇಕಾಗಿತ್ತು.

ಮಾರನೆಯ ದಿನ ಊಟ ಮುಗಿಸಿ, ವಾಪಸಾಗಲು ಈ ಸಲ ಹರಪನಹಳ್ಳಿ ದಾರಿ ಹಿಡಿದೆವು. ಊರು ಹತ್ತಿರವಾದಾಗ ಅಣ್ಣ ರೂಢಿಯಂತೆ ಗಾಡಿ ನಿಲ್ಲಿಸಿ ಹಿಂದಕ್ಕೆ ಹೋದ. ಎಳೆಯಲು ಪರದೆಯೇ ಇರಲಿಲ್ಲ.

"ಎಲ್ಲಿ ಹೋತು?"

"ಶಾಂತಾಗ ಕೊಟ್ಟ ಬಂದೀನಿ" ಎಂದರು ಅತ್ತಿಗೆ. "ಕೂಸಿಗೆ ಕೌದಿ ಹೊಲೀತಾಳಂತ. ಹಳೀ ಸೀರಿ ಮೆತ್ತಗ ಇರತೈತಿ."

ಅಣ್ಣ ಹೋಗಿ ಸೀಟಿನ ಮೇಲೆ ಕುಳಿತ. ಗಾಡಿ ಬಿಡುವುದಕ್ಕೆ ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಹರಪನಹಳ್ಳಿಯಲ್ಲಿ ಸಂಜೆಯಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪರ ಬಿಚ್ಚಿ ಸಾದಾ ಬಲ್ಬು ಹಚ್ಚಿದೆವು. ಮಂಡಕ್ಕಿ ಮಿರ್ಚಿ ಬೇಕು ಎಂದು ಕೇಳಿದವರು ಅತ್ತಿಗೆಯೇ. ಅಣ್ಣ ಬಿಸಿಬಿಸಿ ತಂದುಕೊಟ್ಟ. ಜಗಲಿಯ ಮೇಲೆ, ದೀಪದ ನೇರ ಕೆಳಗೆ ಒರಗಿ ಅವರು ಮೊದಲ ಮಿರ್ಚಿ ಮುರಿಯುವಾಗ, ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದು ನಿಂತಳು. ಅತ್ತಿಗೆಯನ್ನು ನೋಡಿದಳು, ಪ್ಲೇಟು ನೋಡಿದಳು.

"ಮಿರ್ಚಿ ಸಿಗ್ತಾವೇನ್ರಿ?"

"ಯಾಕ ಸಿಗೂದಿಲ್ಲ?" ಎಂದು ಅತ್ತಿಗೆ ತಮ್ಮ ಪ್ಲೇಟನ್ನೇ ಮುಂದೆ ಚಾಚಿದರು. "ಬುಟ್ಟಿ ಇಳಸಬೇ, ಇಲ್ಲೆ ಕುಂದ್ರು ಬಾ."

ಅಣ್ಣ ಇನ್ನೊಂದು ಪ್ಲೇಟು ತರಲು ಎದ್ದ.